ಫ್ರೆಂಚ್ ರೊಮಾನ್ಸ್‌ಗಳು ಇಂಗ್ಲಿಷ್ ಅಚ್ಚಿಗೆ ಬಂದ ಕಾಲ: ಮ್ಯಾಲರಿ ಒಬ್ಬನನ್ನೇ ಓದಿದರೆ ಸಾಕಾ?

ಹಳೆಅಚ್ಚು:

ಆರ್ಥರ್ ರಾಜನ ಕಥೆಗಳ ಬಗ್ಗೆ ಇಲ್ಲಿ ಮಾತು ಶುರುವಾದಾಗಲೆಲ್ಲ ಆ ಕಥೆಗಳನ್ನು 15ನೇ ಶತಮಾನದಲ್ಲಿ ಇಂಗ್ಲಿಷ್ ಗದ್ಯದಲ್ಲಿ ಬರೆದ ಥಾಮಸ್ ಮ್ಯಾಲರಿ ಬರುತ್ತಾನೆ. ಮಾತು ಅವನಲ್ಲೇ ಮುಗಿದೂ ಹೋಗುತ್ತದೆ. ಮ್ಯಾಲರಿ ದೊಡ್ಡವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಪುಸ್ತಕ ಅಚ್ಚಾದ ಅದೇ ಅಂಗಡಿಯಿಂದ, ಅಂದರೆ ಮುದ್ರಕ ವಿಲಿಯಂ ಕ್ಯಾಕ್ಸ್ಟನ್‌ನ ಅಚ್ಚುಕೂಟದಿಂದ, ಫ್ರೆಂಚ್ ರೊಮಾನ್ಸ್‌ಗಳ (ವೀರರ ಸಾಹಸ, ಪ್ರೇಮ, ಅದ್ಭುತ ತುಂಬಿದ ಉದ್ದನೆಯ ಕಥೆಗಳ) ಒಂದು ಸಾಲೇ ಇಂಗ್ಲಿಷಿಗೆ ಬಂದಿದೆ. ಟ್ರಾಯ್ ಕಥೆ, ಜೇಸನ್ ಕಥೆ, ಫ್ರಾಂಕರ ರಾಜ ಶಾರ್ಲ್‌ಮೇನ್ ಕಥೆ, ಪ್ಯಾರಿಸ್ ಮತ್ತು ವಿಯೆನ್ ಎಂಬ ಪ್ರೇಮಿಗಳ ಕಥೆ, ಏಮನ್‌ನ ನಾಲ್ಕು ಮಕ್ಕಳ ಕಥೆ. ಇವನ್ನೆಲ್ಲ 'ಬರೀ ಅನುವಾದ ತಾನೇ' ಅಂತ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಇದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಉದ್ದನೆಯ ಗದ್ಯ ಕಥೆಯನ್ನು ಕೂತು ಓದುವ ರೂಢಿ ಬೆಳೆದದ್ದರಲ್ಲಿ ಈ ಪುಸ್ತಕಗಳ ಪಾಲು ತುಂಬಾ ದೊಡ್ಡದು.

ಮೊದಲ ಪುಸ್ತಕದಿಂದಲೇ ಶುರು ಮಾಡೋಣ. ಇಂಗ್ಲಿಷ್ ಭಾಷೆಯಲ್ಲಿ ಅಚ್ಚಾದ ಮೊಟ್ಟಮೊದಲ ಪುಸ್ತಕ ಬೈಬಲ್ ಅಲ್ಲ, ವ್ಯಾಕರಣವೂ ಅಲ್ಲ. ಅದು ಫ್ರೆಂಚಿನಿಂದ ಬಂದ ಒಂದು ರೊಮಾನ್ಸ್. ಅಚ್ಚಾಗಿದ್ದು ಇಂಗ್ಲೆಂಡಿನಲ್ಲೂ ಅಲ್ಲ.

ವಿಲಿಯಂ ಕ್ಯಾಕ್ಸ್ಟನ್ ಕೆಂಟ್ ಸೀಮೆಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಕಲಿತವನು. ಸುಮಾರು 30 ವರ್ಷ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ) ಕಡೆ ಇದ್ದ. ಬ್ರೂಜ್ ಊರಿನಲ್ಲಿ ಇಂಗ್ಲಿಷ್ ವರ್ತಕರಿಗೆಲ್ಲ ಮುಖಂಡನಾಗಿದ್ದ. ಅಲ್ಲಿ ರಾವುಲ್ ಲೆಫೆವ್ರ್ ಬರೆದ ಟ್ರಾಯ್ ಕಥೆಗಳ ಫ್ರೆಂಚ್ ಪುಸ್ತಕ ಅವನ ಕೈಗೆ ಸಿಕ್ಕಿತು. ಓದಿ ಖುಷಿಪಟ್ಟು ಅನುವಾದಕ್ಕೆ ಕೂತ. ಅವನೇ ಕೊಡುವ ತಾರೀಖು 1468ರ ಮಾರ್ಚ್ 1. ಆಗ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 1 ಕಳೆದ ಮೇಲೆ, ಹಾಗಾಗಿ ಈಗಿನ ಲೆಕ್ಕದಲ್ಲಿ ಅದು 1469. ಐದಾರು ಕಟ್ಟು ಹಾಳೆ ಬರೆದ ಮೇಲೆ ಧೈರ್ಯ ಉಡುಗಿತು. 2 ವರ್ಷ ಅದನ್ನು ಮುಟ್ಟಲಿಲ್ಲ.

ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡಿದವಳು ಆಗ ಫ್ಲಾಂಡರ್ಸನ್ನೂ ಆಳುತ್ತಿದ್ದ ಬರ್ಗಂಡಿಯ ಡ್ಯೂಕನ ಹೆಂಡತಿ, ಡಚೆಸ್ ಮಾರ್ಗರೆಟ್, ಇಂಗ್ಲೆಂಡಿನ ರಾಜ 4ನೇ ಎಡ್ವರ್ಡ್‌ನ ತಂಗಿ. ಬರೆದಷ್ಟನ್ನು ತರಿಸಿಕೊಂಡು ನೋಡಿದಳು. ಇಂಗ್ಲಿಷಿನಲ್ಲಿ ತಪ್ಪು ತೋರಿಸಿದಳು, ತಿದ್ದು ಅಂದಳು, ಮುಗಿಸು ಅಂತ ಅಪ್ಪಣೆ ಮಾಡಿದಳು. ಅವನು ಗೆಂಟ್‌ನಲ್ಲಿ ಮುಂದುವರಿಸಿ ಕಲೋನ್‌ನಲ್ಲಿ 1471ರ ಸೆಪ್ಟೆಂಬರ್ 19ರಂದು ಮುಗಿಸಿದ. ಕೊನೆಯಲ್ಲಿ ಬರೆದುಕೊಂಡಿದ್ದಾನೆ: ಲೇಖನಿ ಸವೆದಿದೆ, ಕೈ ನಿಲ್ಲುತ್ತಿಲ್ಲ, ಬಿಳಿ ಹಾಳೆ ನೋಡಿ ನೋಡಿ ಕಣ್ಣು ಮಂಜಾಗಿದೆ. ತುಂಬಾ ಜನ ಪ್ರತಿ ಕೇಳಿದ್ದಾರೆ, ಅದಕ್ಕೇ ಕೈಯಿಂದ ದುಡ್ಡು ಹಾಕಿ ಅಚ್ಚಿನ ಕೆಲಸ ಕಲಿತೆ. ಪುಸ್ತಕ ಹೊರಬಂದದ್ದು 1473–74ರ ಹೊತ್ತಿಗೆ. ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅವನು ಅಚ್ಚುಕೂಟ ಹಾಕಿದ್ದು 1476ರಲ್ಲಿ.

ಅಂದರೆ ಅಚ್ಚಿನ ಕೆಲಸ ಅವನು ಕಲಿತದ್ದೇ ತಾನು ಅನುವಾದಿಸಿದ ಒಂದು ಕಥೆಗೋಸ್ಕರ. ಇಂಥ ಪುಸ್ತಕಗಳನ್ನು ಮ್ಯಾಲರಿಯ ಬೆನ್ನ ಹಿಂದೆ ನಿಲ್ಲಿಸಿ ಮಾತಾಡುವುದನ್ನು ಬಿಡೋಣ ಅನ್ನುವುದು ನನ್ನ ವಾದ. ಓದಿದವರು ಹೇಳಿ.

ತುಂಗಾತೀರ:

ಒಳ್ಳೆ ವಿಷಯ ಎತ್ತಿದಿರಿ. ನನ್ನದೊಂದು ಸರಳ ಪ್ರಶ್ನೆ. ಟ್ರಾಯ್, ಜೇಸನ್ ಇವೆಲ್ಲ ಗ್ರೀಕ್ ಕಥೆಗಳಲ್ವಾ? ಇವು ಫ್ರೆಂಚ್ ರೊಮಾನ್ಸ್ ಹೇಗಾದವು? ಅದೂ ಒಬ್ಬ ಬಟ್ಟೆ ವ್ಯಾಪಾರಿಗೆ ಇವೇ ಯಾಕೆ ಕಣ್ಣಿಗೆ ಬಿದ್ದವು?

ಹಳೆಅಚ್ಚು:

ಬರ್ಗಂಡಿಯ ಆಸ್ಥಾನದ ಗೀಳು ಅದು. ಡ್ಯೂಕ್ ಫಿಲಿಪ್ 1430ರಲ್ಲಿ ಬ್ರೂಜ್‌ನಲ್ಲಿ 'ಚಿನ್ನದ ಉಣ್ಣೆ' ಎಂಬ ವೀರರ ಕೂಟ ಕಟ್ಟಿದ. ಚಿನ್ನದ ಉಣ್ಣೆ ಅಂದರೆ ಜೇಸನ್ ಗೆದ್ದು ತಂದದ್ದು. ಹಾಗಾಗಿ ಜೇಸನ್ ಆ ಆಸ್ಥಾನದ ಆದರ್ಶ ವೀರನಾದ. ಗ್ರೀಕ್ ವೀರರೆಲ್ಲ ಕವಚ ತೊಟ್ಟು, ಈಟಿ ಹಿಡಿದು, ಪಂದ್ಯ ಆಡುವ ನೈಟ್‌ಗಳಾದರು. ಲೆಫೆವ್ರ್ ಫಿಲಿಪ್‌ನ ಪಾದ್ರಿ. ಜೇಸನ್ ಕಥೆಯನ್ನೂ ಟ್ರಾಯ್ ಕಥೆಯನ್ನೂ ಅವನು ಬರೆದದ್ದು ಆ ಡ್ಯೂಕ್‌ಗಾಗಿ. ಹೋಮರ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಗಲಿಬಿಲಿ ಆಗುತ್ತದೆ. ರೊಮಾನ್ಸ್ ಅಂತಲೇ ಓದಬೇಕು.

ಜೇಸನ್ ಪುಸ್ತಕವನ್ನು ಕ್ಯಾಕ್ಸ್ಟನ್ 1477ರ ಸುಮಾರಿಗೆ ಅಚ್ಚು ಹಾಕಿದ. ಅದರ ಮುನ್ನುಡಿ ನನಗೆ ತುಂಬಾ ಇಷ್ಟ. ಹೆಸ್ಡಿನ್ ಕೋಟೆಯಲ್ಲಿ ಫಿಲಿಪ್ ಒಂದು ಕೋಣೆ ಮಾಡಿಸಿದ್ದ. ಗೋಡೆ ತುಂಬಾ ಜೇಸನ್ ಕಥೆಯ ಚಿತ್ರ. ಜೇಸನ್‌ಗೆ ನೆರವಾದ ಮಾಟಗಾತಿ ಮೀಡಿಯಾಳ ಮಾಟದ ನೆನಪಿಗೆ ಅಲ್ಲಿ ಯಂತ್ರ ಕೂರಿಸಿದ್ದ. ಡ್ಯೂಕ್ ಬೇಕೆಂದಾಗ ಕೋಣೆಯೊಳಗೇ ಮಿಂಚು, ಗುಡುಗು, ಹಿಮ, ಮಳೆ! ನಾನೇ ಆ ಕೋಣೆಯೊಳಗೆ ಹೋಗಿ ನೋಡಿದ್ದೇನೆ ಅಂತ ಕ್ಯಾಕ್ಸ್ಟನ್ ಬರೆಯುತ್ತಾನೆ. ಅವನು ಫ್ರೆಂಚ್ ಕಥೆಗಳನ್ನು ಪುಸ್ತಕದಲ್ಲಿ ಮಾತ್ರ ಕಂಡವನಲ್ಲ. ಗೋಡೆಯ ಮೇಲೆ, ಮೆರವಣಿಗೆಯಲ್ಲಿ, ದೊಡ್ಡವರ ಮಾತಿನಲ್ಲಿ ಕಂಡವನು. ಆ ಪುಸ್ತಕವನ್ನು ಇಂಗ್ಲೆಂಡಿನ ಪುಟ್ಟ ರಾಜಕುಮಾರ ಎಡ್ವರ್ಡ್‌ಗೆ ಒಪ್ಪಿಸಿದ, ಹುಡುಗ ಇಂಗ್ಲಿಷ್ ಓದಲು ಕಲಿಯಲಿ ಅಂತ. ಮುಂದೆ ಲಂಡನ್ ಟವರ್‌ನಲ್ಲಿ ಕಾಣೆಯಾದ ಇಬ್ಬರು ಹುಡುಗರಲ್ಲಿ ಇವನೇ ದೊಡ್ಡವನು.

ತಕರಾರು:

ನಾನು ಒಪ್ಪುವುದಿಲ್ಲ. ಕ್ಯಾಕ್ಸ್ಟನ್ ಒಳ್ಳೆ ಮುದ್ರಕ, ಜಾಣ ವ್ಯಾಪಾರಿ. ಆದರೆ ಅನುವಾದಕನಾಗಿ ಅವನದು ಅವಸರದ ಕೆಲಸ. ಫ್ರೆಂಚ್ ವಾಕ್ಯದ ನಡೆಯನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಇಡುತ್ತಾನೆ. ಒಂದು ವಾಕ್ಯ ಅರ್ಧ ಪುಟ ಹೋಗುತ್ತದೆ, ಕರ್ತೃ ಎಲ್ಲೋ, ಕ್ರಿಯಾಪದ ಎಲ್ಲೋ. ಒಂದು ಮಾತಿಗೆ ಎರಡೆರಡು ಪದ ಜೋಡಿಸುತ್ತಾನೆ.

ಮ್ಯಾಲರಿ ಮಾಡಿದ್ದೇ ಬೇರೆ. ಫ್ರೆಂಚಿನ ಲಾನ್ಸೆಲಾಟ್ ಕಥೆ, ಟ್ರಿಸ್ಟನ್ ಕಥೆ ಸಾವಿರಾರು ಪುಟದ ಕಾಡು. ಒಂದು ಕಥೆ ಮುಗಿಯುವ ಮೊದಲೇ ಇನ್ನೊಂದು ಒಳಗೆ ನುಗ್ಗುತ್ತದೆ. ಅವನು ಎಳೆ ಬಿಡಿಸಿದ, ಕತ್ತರಿಸಿದ, ಮಾತನ್ನು ಗಿಡ್ಡ ಮಾಡಿದ. 'ಫ್ರೆಂಚ್ ಪುಸ್ತಕ ಹೀಗೆ ಹೇಳುತ್ತದೆ' ಅಂತ ಹೇಳುತ್ತಲೇ ತನ್ನ ಕಥೆ ಕಟ್ಟಿದ. ಅದೂ ಸೆರೆಮನೆಯಲ್ಲಿದ್ದುಕೊಂಡು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಮಲೆನಾಡಿಗ:

ತಕರಾರು ಅವರು ಹೇಳಿದ್ದರಲ್ಲಿ ವಾಕ್ಯದ ವಿಷಯ ನಿಜ. ಆದರೆ 1485ನೇ ಇಸವಿಯನ್ನು ಒಮ್ಮೆ ನೋಡಿ. ಜೂನ್ 18ಕ್ಕೆ ಶಾರ್ಲ್‌ಮೇನ್ ಕಥೆಯ ಅನುವಾದ ಮುಗಿಸುತ್ತಾನೆ. ಜುಲೈ 31ಕ್ಕೆ ಮ್ಯಾಲರಿ ಅಚ್ಚಾಗಿ ಮುಗಿಯುತ್ತದೆ. ಆಗಸ್ಟ್ 22ಕ್ಕೆ ಬಾಸ್ವರ್ತ್ ಕಾಳಗ. 3ನೇ ರಿಚರ್ಡ್ ಸತ್ತ, 7ನೇ ಹೆನ್ರಿ ರಾಜನಾದ. ಆಗಸ್ಟ್ 31ಕ್ಕೆ, ಅಂದರೆ 9 ದಿನಕ್ಕೆ, 'ಪ್ಯಾರಿಸ್ ಮತ್ತು ವಿಯೆನ್' ಅನುವಾದ ಮುಗಿಯಿತು. ಡಿಸೆಂಬರ್ 1ಕ್ಕೆ ಶಾರ್ಲ್‌ಮೇನ್, ಡಿಸೆಂಬರ್ 19ಕ್ಕೆ ಪ್ಯಾರಿಸ್ ಅಚ್ಚಾದವು. ದೇಶದ ಗದ್ದುಗೆ ಬದಲಾದ ವರ್ಷದಲ್ಲಿ 3 ರೊಮಾನ್ಸ್! ಕುಳಿತು ನಯ ಮಾಡುವ ಪುರುಸೊತ್ತು ಎಲ್ಲಿತ್ತು?

ಇನ್ನೊಂದು. 'ಪ್ಯಾರಿಸ್ ಮತ್ತು ವಿಯೆನ್' ಓದಿ ನೋಡಿ. ಅದರಲ್ಲಿ ಅರ್ಧ ಪುಟದ ವಾಕ್ಯಗಳ ಗೋಜು ಕಡಿಮೆ. ಮೂಲವೇ ಚಿಕ್ಕದು, ಚುರುಕಾದದ್ದು. ಇಲ್ಲಿ ಪ್ಯಾರಿಸ್ ಅಂದರೆ ಊರಲ್ಲ, ಟ್ರಾಯ್‌ನ ಪ್ಯಾರಿಸನೂ ಅಲ್ಲ. ಒಬ್ಬ ಸಣ್ಣ ಜಹಗೀರುದಾರನ ಮಗ. ವಿಯೆನ್ ದೊರೆಯ ಮಗಳು. ರಾತ್ರಿ ಹೊತ್ತು ಗೆಳೆಯ ಎಡ್ವರ್ಡ್‌ನ ಜೊತೆ ಅವಳ ಕಿಟಕಿಯ ಕೆಳಗೆ ಹಾಡುತ್ತಾನೆ, ಯಾರು ಅಂತ ತೋರಿಸಿಕೊಳ್ಳುವುದಿಲ್ಲ. ಇಬ್ಬರೂ ಓಡಿಹೋಗುತ್ತಾರೆ, ಅವಳು ಸಿಕ್ಕಿಬೀಳುತ್ತಾಳೆ. ಅಪ್ಪ ಅವಳನ್ನು ಬರ್ಗಂಡಿಯ ಡ್ಯೂಕನ ಮಗನಿಗೆ ಕೊಡಲು ಹಟ ಹಿಡಿಯುತ್ತಾನೆ, ಒಪ್ಪದ ಮಗಳನ್ನು ನೆಲಮಾಳಿಗೆಗೆ ಹಾಕುತ್ತಾನೆ. ವರ ನೋಡಲು ಬಂದಾಗ ಅವಳು ಏನು ಮಾಡುತ್ತಾಳೆ ಗೊತ್ತಾ? ಊಟಕ್ಕೆ ಬಂದ ಕೋಳಿಯ ತುಂಡುಗಳನ್ನು ಎರಡೂ ಕಂಕುಳಲ್ಲಿ ಇಟ್ಟುಕೊಂಡು ಕೊಳೆಯಲು ಬಿಡುತ್ತಾಳೆ. ಹತ್ತಿರ ಬಂದವರಿಗೆ ನಾತ. ನನ್ನ ಮೈಯೇ ಕೊಳೆಯುತ್ತಿದೆ, ನಾನು ಯಾರ ಹೆಂಡತಿ ಆಗುವ ಸ್ಥಿತಿಯಲ್ಲಿಲ್ಲ ಅನ್ನುತ್ತಾಳೆ. ವರ ವಾಪಸ್. ಎಡ್ವರ್ಡ್ ಪಕ್ಕದ ಚರ್ಚಿನಿಂದ ನೆಲದಡಿ ತೋಡಿ ಅವಳಿಗೆ ಊಟ ಮುಟ್ಟಿಸುತ್ತಿರುತ್ತಾನೆ.

ಆ ಕೋಳಿಯ ಪ್ರಸಂಗ ಒಂದೇ ಸಾಕು, ಈ ಪುಸ್ತಕವನ್ನು ನಾನು ಯಾರಿಗಾದರೂ ಕೊಡುತ್ತೇನೆ. ಹೆಣ್ಣು ತನ್ನ ಮೈಯನ್ನೇ ಆಯುಧ ಮಾಡಿಕೊಂಡು ಇಲ್ಲ ಅನ್ನುವ ದೃಶ್ಯ ಅದು. ಅದನ್ನು ಕ್ಯಾಕ್ಸ್ಟನ್ ಯಾವ ಬಣ್ಣವನ್ನೂ ಹಚ್ಚದೆ ನೇರವಾಗಿ ಇಂಗ್ಲಿಷಿಗೆ ತಂದಿದ್ದಾನೆ.

ಕಡಲೂರು:

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಪ್ಯಾರಿಸ್ ಕೊನೆಗೆ ಬರುತ್ತಾನಾ?

ಮಲೆನಾಡಿಗ:

ಬರುತ್ತಾನೆ. ಪೂರ್ವ ದೇಶಗಳಲ್ಲಿ ಅಲೆದು, ಅಲ್ಲಿನ ಭಾಷೆ ಕಲಿತು, ಆ ಜನರ ಉಡುಗೆ ತೊಟ್ಟು ಬದುಕುತ್ತಾನೆ. ವಿಯೆನ್‌ಳ ಅಪ್ಪನೇ ಅಲೆಕ್ಸಾಂಡ್ರಿಯಾದಲ್ಲಿ ಸೆರೆ ಸಿಕ್ಕಿದಾಗ ಅವನನ್ನು ಬಿಡಿಸಿಕೊಂಡು ಬರುವವನು ಇವನೇ. ಆ ಮುದುಕನಿಗೆ ಗುರುತೂ ಸಿಗುವುದಿಲ್ಲ. ಉಳಿದದ್ದನ್ನು ಪುಸ್ತಕದಲ್ಲೇ ಓದಿ.

ಹಳೆಅಚ್ಚು:

ತಕರಾರು ಅವರ ಮಾತಿಗೆ ನನ್ನ ಉತ್ತರ 'ಏಮನ್‌ನ ನಾಲ್ಕು ಮಕ್ಕಳು'. 1490ರ ಸುಮಾರಿಗೆ ಅಚ್ಚಾದದ್ದು. ಆಕ್ಸ್‌ಫರ್ಡಿನ ಅರ್ಲ್ ಜಾನ್ ಡಿ ವೇರ್ ಫ್ರೆಂಚ್ ಪ್ರತಿ ಕಳಿಸಿಕೊಟ್ಟು ಅನುವಾದ ಮಾಡಿಕೊಡು ಅಂದ. ಈತ ಬಾಸ್ವರ್ತ್‌ನಲ್ಲಿ ಹೆನ್ರಿಯ ಮುಂಚೂಣಿ ನಡೆಸಿದವನು. ಅದಕ್ಕೂ ಮೊದಲು ವರ್ಷಗಟ್ಟಲೆ ಸೆರೆ ಅನುಭವಿಸಿದವನು, ದೇಶ ಬಿಟ್ಟು ತಿರುಗಿದವನು. ಅವನು ಕೇಳಿದ್ದು ಯಾವ ಕಥೆ ನೋಡಿ: ರಾಜನ ಸಿಟ್ಟಿಗೆ ಗುರಿಯಾಗಿ ಕಾಡುಪಾಲಾದ ನಾಲ್ವರು ಅಣ್ಣತಮ್ಮಂದಿರ ಕಥೆ.

ಕಥೆ ಶುರುವಾಗುವುದು ಚದುರಂಗದಿಂದ. ಶಾರ್ಲ್‌ಮೇನ್‌ನ ಸೋದರಳಿಯ ಬರ್ತಲೋ ಆಟದಲ್ಲಿ ಜಗಳ ತೆಗೆದು ಏಮನ್‌ನ ಮಗ ರೆನೋಗೆ ಹೊಡೆಯುತ್ತಾನೆ. ರೆನೋ ದೂರು ಕೊಡುತ್ತಾನೆ, ರಾಜ ಕಿವಿಗೆ ಹಾಕಿಕೊಳ್ಳುವುದಿಲ್ಲ. ರೆನೋ ಚದುರಂಗದ ಹಲಗೆಯನ್ನೇ ಎತ್ತಿ ಬರ್ತಲೋನ ತಲೆಗೆ ಬಡಿಯುತ್ತಾನೆ. ಅವನು ಸಾಯುತ್ತಾನೆ. ಅಲ್ಲಿಂದ ಮುಂದೆ ಓಟವೋ ಓಟ. ಹೆತ್ತ ಅಪ್ಪ ಏಮನ್ ರಾಜನಿಗೆ ಆಣೆ ಕೊಟ್ಟಿದ್ದಾನೆ, ಹಾಗಾಗಿ ಮಕ್ಕಳ ಮೇಲೇ ಕತ್ತಿ ಎತ್ತಬೇಕು. ಆರ್ಡೆನ್ ಕಾಡಿನಲ್ಲಿ ಹಸಿದು, ಬಟ್ಟೆ ಹರಿದು, ಮೈ ಕಪ್ಪಾಗಿ ಮಕ್ಕಳು ಗುಟ್ಟಾಗಿ ಮನೆಗೆ ಬರುತ್ತಾರೆ. ತಾಯಿಗೆ ಗುರುತೇ ಸಿಗುವುದಿಲ್ಲ. ಯಾರೋ ಭಿಕ್ಷುಕರು ಅಂದುಕೊಳ್ಳುತ್ತಾಳೆ. ಆಮೇಲೆ ಗುರುತು ಹಿಡಿದು ಮೂರ್ಛೆ ಹೋಗುತ್ತಾಳೆ.

ಮೊಂಟೊಬಾನ್ ಕೋಟೆಗೆ ಮುತ್ತಿಗೆ ಬಿದ್ದಾಗ ತಿನ್ನಲು ಏನೂ ಉಳಿದಿರುವುದಿಲ್ಲ. ಕುದುರೆಗಳನ್ನೆಲ್ಲ ಕೊಂದು ತಿಂದಾಯಿತು. ಉಳಿದದ್ದು ಬೇಯಾರ್ ಒಂದೇ, ನಾಲ್ವರನ್ನೂ ಒಟ್ಟಿಗೆ ಹೊರುವ ಮಾಯದ ಕುದುರೆ. ರೆನೋ ಅದನ್ನು ಕೊಲ್ಲಲಾರ. ಅದರ ರಕ್ತ ಸ್ವಲ್ಪ ಸ್ವಲ್ಪ ತೆಗೆದು ಹೆಂಡತಿ ಮಕ್ಕಳಿಗೆ ಕೊಡುತ್ತಾರೆ. ಕುದುರೆ ಬಡಕಲಾಗುತ್ತದೆ, ಸಾಯುವುದಿಲ್ಲ. ಇಲ್ಲಿ ಉದ್ದ ವಾಕ್ಯಗಳು ಅಡ್ಡ ಬರುತ್ತವೆ ಅಂತ ನನಗೆ ಅನ್ನಿಸಲಿಲ್ಲ. 'ಮತ್ತೆ, ಮತ್ತೆ' ಅಂತ ಕೂಡಿಸಿಕೊಂಡು ಹೋಗುವ ಆ ನಡೆಯೇ ಮುತ್ತಿಗೆಯ ದಿನಗಳ ಭಾರವನ್ನು ಹೊರುತ್ತದೆ. ಒಬ್ಬರು ಗಟ್ಟಿಯಾಗಿ ಓದುವಾಗ ನಾಲ್ಕು ಜನ ಕೂತು ಕೇಳುತ್ತಿದ್ದ ಕಾಲ ಅದು. ಗಟ್ಟಿಯಾಗಿ ಓದಿ ನೋಡಿ, ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ.

ಕಡಲೂರು:

ಬೇಯಾರ್ ಕೊನೆಗೆ ಏನಾಗುತ್ತದೆ?

ಹಳೆಅಚ್ಚು:

ಸಂಧಿ ಆಗಬೇಕಾದರೆ ಕುದುರೆಯನ್ನು ನನಗೆ ಒಪ್ಪಿಸು ಅನ್ನುತ್ತಾನೆ ಶಾರ್ಲ್‌ಮೇನ್. ರೆನೋ ಒಪ್ಪಿಸುತ್ತಾನೆ. ರಾಜ ಅದರ ಕೊರಳಿಗೆ ಬೀಸುವ ಕಲ್ಲು ಕಟ್ಟಿಸಿ ಸೇತುವೆಯಿಂದ ಮಾಸ್ ಹೊಳೆಗೆ ತಳ್ಳಿಸುತ್ತಾನೆ. ಬೇಯಾರ್ ಗೊರಸಿನಿಂದ ಕಲ್ಲು ಒಡೆದು ದಡ ಹತ್ತಿ ಆರ್ಡೆನ್ ಕಾಡಿಗೆ ಓಡಿಹೋಗುತ್ತದೆ.

ರೆನೋನ ಕೊನೆ ಬೇರೆ ಥರ. ಎಲ್ಲ ಬಿಟ್ಟು ಕಲೋನ್‌ಗೆ ಹೋಗಿ ಸೇಂಟ್ ಪೀಟರ್ ಚರ್ಚ್ ಕಟ್ಟುವ ಕಡೆ ಕಲ್ಲು ಹೊರುವ ಕೂಲಿ ಆಗುತ್ತಾನೆ. ದಿನಕ್ಕೆ ಒಂದು ಪೆನ್ನಿ ಸಾಕು ಅನ್ನುತ್ತಾನೆ. ನಾಲ್ಕು ಜನರ ಕೆಲಸ ಒಬ್ಬನೇ ಮಾಡುತ್ತಾನೆ. ಉಳಿದ ಕೂಲಿಗಳಿಗೆ ಹೊಟ್ಟೆಗೆ ಕುತ್ತು ಬಂತು ಅಂತ ಸಿಟ್ಟು. ಮಲಗಿದ್ದಾಗ ಸುತ್ತಿಗೆಯಿಂದ ಹೊಡೆದು ಕೊಂದು ರೈನ್ ನದಿಗೆ ಹಾಕುತ್ತಾರೆ. ಮೀನುಗಳು ಹೆಣವನ್ನು ಮೇಲೆ ಎತ್ತಿ ಹಿಡಿಯುತ್ತವೆ. ಕ್ಯಾಕ್ಸ್ಟನ್ ತನ್ನ ಮೊದಲ ಅನುವಾದ ಮುಗಿಸಿದ್ದೂ ಅದೇ ಕಲೋನ್‌ನಲ್ಲಿ. ಆಗ ಅಲ್ಲಿನ ದೊಡ್ಡ ಚರ್ಚು ಅರ್ಧ ಕಟ್ಟಿದ ಸ್ಥಿತಿಯಲ್ಲಿತ್ತು.

ತಕರಾರು:

ಇಷ್ಟು ಕೇಳಿದ ಮೇಲೆ ಏಮನ್ ಓದುತ್ತೇನೆ. ಆದರೆ ನನ್ನ ಮಾತು ಬಿಡುವುದಿಲ್ಲ. ನೀವು ಹೇಳಿದ್ದೆಲ್ಲ ಮೂಲ ಕಥೆಯ ಶಕ್ತಿ. ಅನುವಾದಕನದು ಅಂತ ಏನು ಉಳಿಯಿತು? ಮ್ಯಾಲರಿಯ ಪುಸ್ತಕಕ್ಕೆ ಕ್ಯಾಕ್ಸ್ಟನ್ ಏನು ಮಾಡಿದ ಅನ್ನುವುದೂ ಇದೆಯಲ್ಲ. 1934ರಲ್ಲಿ ವಾಲ್ಟರ್ ಓಕ್‌ಶಾಟ್ ವಿಂಚೆಸ್ಟರ್ ಕಾಲೇಜಿನಲ್ಲಿ ಮ್ಯಾಲರಿಯ ಕೈಬರಹದ ಪ್ರತಿ ಕಂಡುಹಿಡಿದರು. ಅದನ್ನು ಅಚ್ಚಿನ ಪ್ರತಿಯ ಜೊತೆ ಇಟ್ಟು ನೋಡಿದರೆ ಆರ್ಥರ್ ರೋಮ್ ಮೇಲೆ ಮಾಡುವ ಯುದ್ಧದ ಭಾಗ ಅಚ್ಚಿನಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ.

ಅಚ್ಚಿನಮೊಳೆ:

ರೋಮ್ ಯುದ್ಧವನ್ನು ಕತ್ತರಿಸಿದ್ದು ಕ್ಯಾಕ್ಸ್ಟನ್ನಾ ಮ್ಯಾಲರಿಯೇನಾ ಅನ್ನುವ ಜಗಳ ಪಂಡಿತರಲ್ಲಿ ಇದೆ. ಅಂದಹಾಗೆ ಆ ಭಾಗದ ಮೂಲ ಫ್ರೆಂಚ್ ಅಲ್ಲ, ಹಳೆಯ ಒಂದು ಇಂಗ್ಲಿಷ್ ಕಾವ್ಯ. ಕೈಬರಹದ ಪ್ರತಿಯ ಬಗ್ಗೆ ಒಂದು ಸೊಗಸಾದ ಸಂಗತಿ ಹೇಳುತ್ತೇನೆ. ಹಳೆ ಅಚ್ಚಿನ ವಿದ್ವಾಂಸೆ ಲೋಟೆ ಹೆಲಿಂಗಾ ಅದರ ಹಾಳೆಗಳನ್ನು ಹತ್ತಿರದಿಂದ ಪರೀಕ್ಷಿಸಿದಾಗ ಅಚ್ಚಿನ ಶಾಯಿಯ ಗುರುತು ಕಂಡವು. ಒದ್ದೆ ಅಚ್ಚಿನ ಹಾಳೆ ತಾಗಿ ಅಕ್ಷರಗಳು ತಿರುಗುಮುರುಗಾಗಿ ಇದರ ಮೇಲೆ ಇಳಿದಿದ್ದವು. ಅಕ್ಷರದ ಮೊಳೆ ಕ್ಯಾಕ್ಸ್ಟನ್‌ನದೇ. ಅಂದರೆ ಆ ಕೈಬರಹ ಅವನ ಅಚ್ಚುಕೂಟದೊಳಗೆ ಬಿದ್ದುಕೊಂಡಿತ್ತು! ಆದರೂ ಅವನು ಮೊಳೆ ಜೋಡಿಸಿದ್ದು ಬೇರೊಂದು ಪ್ರತಿಯಿಂದ.

ಅನುವಾದಕನದು ಏನು ಅಂದಿರಿ. ಆಯ್ಕೆ ಅವನದು, ನನಗೆ ಅದೇ ದೊಡ್ಡದು. ಆ ಕಾಲದ ಲೆಕ್ಕದಲ್ಲಿ ಲೋಕದ ಮಹಾವೀರರು 9 ಜನ. ಅದರಲ್ಲಿ ಕ್ರೈಸ್ತರು 3 ಜನ: ಆರ್ಥರ್, ಶಾರ್ಲ್‌ಮೇನ್, ಮೊದಲ ಕ್ರುಸೇಡ್ ಯುದ್ಧದ ನಾಯಕ ಗಾಡ್‌ಫ್ರೇ. ಗಾಡ್‌ಫ್ರೇ ಕಥೆಯನ್ನು ಫ್ರೆಂಚಿನಿಂದ ತಂದು 1481ರಲ್ಲಿ ಅಚ್ಚು ಮಾಡಿದ. 1485ರಲ್ಲಿ ಉಳಿದ ಇಬ್ಬರನ್ನೂ ಮುಗಿಸಿದ. ಓದುಗನ ಕಪಾಟಿನಲ್ಲಿ ಮೂವರೂ ಇಂಗ್ಲಿಷಿನಲ್ಲಿ ಒಟ್ಟಿಗೆ ನಿಲ್ಲಬೇಕು ಅಂತ ಯೋಚಿಸಿ ಮಾಡಿದ ಕೆಲಸ ಅದು.

ನೀಲಿಪೆನ್ನು:

ಹೆಂಗಸರ ಬಗ್ಗೆ ಯಾರೂ ಹೇಳುತ್ತಿಲ್ಲವಲ್ಲ. ಮೊದಲ ಅನುವಾದವನ್ನು ಮುಗಿಸಿಸಿದವಳು ಒಬ್ಬ ಮಾರ್ಗರೆಟ್. 1489ರ ಸುಮಾರಿನ 'ಬ್ಲಾಂಶಾರ್ಡಿನ್ ಮತ್ತು ಎಗ್ಲಾಂಟಿನ್' ಬಂದದ್ದು ಇನ್ನೊಬ್ಬ ಮಾರ್ಗರೆಟ್‌ಳಿಂದ. ರಾಜ 7ನೇ ಹೆನ್ರಿಯ ತಾಯಿ ಮಾರ್ಗರೆಟ್ ಬೋಫರ್ಟ್. ಕ್ಯಾಕ್ಸ್ಟನ್ ಹಿಂದೆ ಅವಳಿಗೆ ಆ ಫ್ರೆಂಚ್ ಪುಸ್ತಕ ಮಾರಿದ್ದ. ಅವಳು ಅದೇ ಪುಸ್ತಕವನ್ನು ತಂದುಕೊಟ್ಟು ಇಂಗ್ಲಿಷಿಗೆ ಮಾಡು ಅಂದಳು. ಮುಂದೆ ತಾನೇ ಫ್ರೆಂಚಿನಿಂದ ಭಕ್ತಿ ಪುಸ್ತಕಗಳನ್ನು ಅನುವಾದಿಸಿದವಳು ಅವಳು. ಫ್ರೆಂಚ್ ಓದಲು ಬರುತ್ತಿದ್ದವಳಿಗೆ ಇಂಗ್ಲಿಷ್ ಪ್ರತಿ ಯಾಕೆ ಬೇಕಿತ್ತು? ಬೇರೆಯವರು ಓದಲಿ ಅಂತ ತಾನೇ.

ಮುನ್ನುಡಿಯಲ್ಲಿ ಕ್ಯಾಕ್ಸ್ಟನ್ ಒಂದು ಗಟ್ಟಿ ಮಾತು ಹೇಳುತ್ತಾನೆ. ಹುಡುಗಿಯರು ಕೊಟ್ಟ ಮಾತಿಗೆ ಗಟ್ಟಿಯಾಗಿ ನಿಲ್ಲುವುದನ್ನು ಇಂಥ ಕಥೆಗಳಿಂದ ಕಲಿಯುತ್ತಾರೆ, ಧ್ಯಾನದ ಪುಸ್ತಕಗಳಲ್ಲಿ ಅತಿಯಾಗಿ ಮುಳುಗುವಷ್ಟೇ ಇದೂ ಬೇಕಾದದ್ದು ಅನ್ನುತ್ತಾನೆ. ಇದನ್ನು ಬರೆದದ್ದು ದೈವಭಕ್ತಿಗೆ ಹೆಸರಾದ ಹೆಂಗಸಿಗೆ ಒಪ್ಪಿಸಿದ ಪುಸ್ತಕದಲ್ಲಿ. ಕಥೆ ಓದುವ ಹೆಣ್ಣುಮಕ್ಕಳ ಪರವಾಗಿ ಅಚ್ಚಿನಲ್ಲಿ ಇಷ್ಟು ನೇರವಾಗಿ ನಿಂತದ್ದಕ್ಕೆ ನಾನು ಅವನನ್ನು ಮೆಚ್ಚುತ್ತೇನೆ. ಮುಂದಿನ ತಲೆಮಾರಿನ ಪಂಡಿತರು ಇದಕ್ಕೆ ಉಲ್ಟಾ ಹೇಳಿದರು. ಸ್ಪೇನಿನಿಂದ ಬಂದ ಹುವಾನ್ ಲೂಯಿಸ್ ವೀವೆಸ್ 1520ರ ದಶಕದಲ್ಲಿ ಹೆಣ್ಣುಮಕ್ಕಳು ಓದಬಾರದ ಪುಸ್ತಕಗಳ ಪಟ್ಟಿ ಮಾಡಿದ. ಅದರಲ್ಲಿ ಇಂಥ ರೊಮಾನ್ಸ್‌ಗಳದೇ ಕಾರುಬಾರು. 1570ರಲ್ಲಿ ರೋಜರ್ ಆ್ಯಸ್ಕಮ್ ಮ್ಯಾಲರಿಯ ಪುಸ್ತಕದಲ್ಲಿ ಇರುವುದು ಕೊಲೆ ಮತ್ತು ಹಾದರ ಅಷ್ಟೇ ಅಂತ ಬೈದ. ಬೈಗುಳದ ಜೋರು ನೋಡಿದರೆ ಗೊತ್ತಾಗುತ್ತದೆ, ಜನ ಇವನ್ನು ಎಷ್ಟು ಓದುತ್ತಿದ್ದರು ಅಂತ.

ಅಚ್ಚಿನಮೊಳೆ:

ಕ್ಯಾಕ್ಸ್ಟನ್ ಆದಮೇಲೆ ಕಥೆ ನಿಲ್ಲಲಿಲ್ಲ. ಅವನು 1491–92ರ ಹೊತ್ತಿಗೆ ತೀರಿಕೊಂಡ. ಅಚ್ಚುಕೂಟ ಅವನ ಕೈಕೆಳಗಿದ್ದ ವಿಂಕಿನ್ ಡಿ ವರ್ಡ್‌ಗೆ ಬಂತು. ಇವನು 1500ರ ಸುಮಾರಿಗೆ ಫ್ಲೀಟ್ ಸ್ಟ್ರೀಟಿಗೆ ಬಂದು 'ಸೂರ್ಯ'ನ ಫಲಕ ಹಾಕಿದ. 1498ರಲ್ಲೇ ಮ್ಯಾಲರಿಯನ್ನು ಮರಗೆತ್ತನೆಯ ಚಿತ್ರಗಳ ಜೊತೆ ಮತ್ತೆ ಅಚ್ಚು ಹಾಕಿದ್ದ. ಅನುವಾದ ಮಾಡಲು ತನ್ನ ಹತ್ತಿರವೇ ಜನ ಇಟ್ಟುಕೊಂಡ. ಹೆನ್ರಿ ವ್ಯಾಟ್ಸನ್ 'ವ್ಯಾಲೆಂಟೈನ್ ಮತ್ತು ಆರ್ಸನ್' ಮಾಡಿದ. ಅವಳಿ ಮಕ್ಕಳಲ್ಲಿ ಒಬ್ಬ ಅರಮನೆಯಲ್ಲಿ ಬೆಳೆಯುತ್ತಾನೆ, ಇನ್ನೊಬ್ಬ ಕಾಡಿನಲ್ಲಿ ಕರಡಿಯ ಹಾಲು ಕುಡಿದು. ಮರದ ಕುದುರೆ ಹತ್ತಿ ಹಾರುವ ಪಕೋಲೆ ಎಂಬ ಕುಳ್ಳನೂ ಇದ್ದಾನೆ.

ರಾಬರ್ಟ್ ಕಾಪ್ಲಂಡ್ 1510ರಲ್ಲಿ 'ಅಪೊಲಿನ್' ಕಥೆ ತಂದ. ನನ್ನ ಗುರು ಕ್ಯಾಕ್ಸ್ಟನ್ ನಡೆದ ದಾರಿಯಲ್ಲೇ ಹೋಗುತ್ತಿದ್ದೇನೆ, ಸಣ್ಣ ಕಥೆಗಳಿಂದ ಶುರುಮಾಡಿ ದೊಡ್ಡವಕ್ಕೆ ಬರುತ್ತೇನೆ ಅಂತ ಬರೆದ. 1512ರಲ್ಲಿ 'ಹಂಸದ ನೈಟ್ ಹೆಲಿಯಾಸ್' ಮಾಡಿದ, ಬಕಿಂಗ್‌ಹ್ಯಾಮ್ ಡ್ಯೂಕ್ ಎಡ್ವರ್ಡ್ ಸ್ಟಾಫರ್ಡ್ ಕೇಳಿದ್ದಕ್ಕೆ. ತಮ್ಮ ವಂಶ ಆ ಹಂಸದ ವೀರನಿಂದ ಬಂದದ್ದು ಅಂತ ಅವನ ಹೆಮ್ಮೆ. 1521ರಲ್ಲಿ 8ನೇ ಹೆನ್ರಿ ಅವನ ತಲೆ ತೆಗೆಸಿದ.

ಸಮುದ್ರದ ಆಚೆಯೂ ಇವುಗಳಿಗೆ ಬೆಲೆ ಇತ್ತು. ಆಂಟ್‌ವರ್ಪ್‌ನ ಖೆರಾರ್ಡ್ ಲೇಯು 1492ರಲ್ಲಿ ಕ್ಯಾಕ್ಸ್ಟನ್‌ನ ಇಂಗ್ಲಿಷ್ ಜೇಸನ್, ಇಂಗ್ಲಿಷ್ ಪ್ಯಾರಿಸ್ ಎರಡನ್ನೂ ಅಚ್ಚು ಹಾಕಿ ಇಂಗ್ಲೆಂಡಿನ ಮಾರುಕಟ್ಟೆಗೆ ಬಿಟ್ಟ. ಇಂಗ್ಲಿಷ್ ಬಾರದ ಊರಿನಲ್ಲಿ ಕೂತು ಇಂಗ್ಲಿಷ್ ಮೊಳೆ ಜೋಡಿಸುವಷ್ಟು ಲಾಭ ಕಂಡಿರಬೇಕು.

ಮಲೆನಾಡಿಗ:

ಲಾರ್ಡ್ ಬರ್ನರ್ಸ್ ಬಗ್ಗೆ ಹೇಳದೆ ಈ ಚರ್ಚೆ ಮುಗಿಸಬೇಡಿ. ಜಾನ್ ಬೌಚರ್, ಬರ್ನರ್ಸ್ ಲಾರ್ಡ್. ಫ್ರೆಂಚ್ ನೆಲದಲ್ಲಿ ಇಂಗ್ಲಿಷರ ಕೈಯಲ್ಲಿ ಉಳಿದಿದ್ದ ಕ್ಯಾಲೆ ಪಟ್ಟಣದ ಅಧಿಕಾರಿ. 1533ರಲ್ಲಿ ಅಲ್ಲೇ ಸತ್ತ. ಫ್ರೆಂಚ್ ಇತಿಹಾಸಕಾರ ಫ್ರುವಾಸಾರ್‌ನ ದೊಡ್ಡ ಇತಿಹಾಸವನ್ನು ಇಂಗ್ಲಿಷಿಗೆ ತಂದು ಹೆಸರು ಮಾಡಿದ, 1523 ಮತ್ತು 1525ರಲ್ಲಿ ರಿಚರ್ಡ್ ಪಿನ್ಸನ್ ಅದನ್ನು ಅಚ್ಚು ಹಾಕಿದ. ಅದರ ಜೊತೆಗೆ 2 ಫ್ರೆಂಚ್ ರೊಮಾನ್ಸ್ ಮಾಡಿದ: 'ಲಿಟಲ್ ಬ್ರಿಟನ್‌ನ ಆರ್ಥರ್' (ಇವನು ಫ್ರಾನ್ಸಿನ ಬ್ರಿಟನಿ ಸೀಮೆಯವನು, ಆರ್ಥರ್ ರಾಜನಲ್ಲ) ಮತ್ತು 'ಬೋರ್ಡೋದ ಹ್ಯೂಆನ್'.

ಮೊದಲನೆಯದರ ಮುನ್ನುಡಿ ಓದಬೇಕು. ಅನುವಾದ ಶುರು ಮಾಡಿದ ಮೇಲೆ ಬರ್ನರ್ಸ್‌ಗೆ ಅನುಮಾನ ಬಂತಂತೆ. ಇಷ್ಟೆಲ್ಲ ಆಗದ ಹೋಗದ ಸಂಗತಿ ತುಂಬಿದ ಕಟ್ಟುಕಥೆಗೆ ಕೈ ಹಾಕಿದ್ದು ಹುಚ್ಚುತನ ಅಂತ ಜನ ಅಂದರೆ? ಬಿಟ್ಟೇಬಿಡೋಣ ಅಂದುಕೊಂಡ. ಆಮೇಲೆ ಬೇರೆ ವೀರರ ಕಥೆಗಳಲ್ಲೂ ಇಂಥ ಅದ್ಭುತ ಬೇಕಾದಷ್ಟಿದೆಯಲ್ಲ ಅಂತ ನೆನೆದು ಮುಂದುವರಿಸಿದ. ಯುದ್ಧ ಮಾಡಿದವನು, ರಾಯಭಾರಿಯಾಗಿ ತಿರುಗಿದವನು ಹೀಗೆ ತನ್ನ ಮನಸ್ಸು ತೋಡಿಕೊಳ್ಳುವುದನ್ನು ಓದಿದರೆ ಪ್ರೀತಿ ಹುಟ್ಟುತ್ತದೆ. ಅನುವಾದಕನದು ಏನು ಅಂತ ಕೇಳಿದ ತಕರಾರು ಅವರಿಗೆ ನನ್ನ ಉತ್ತರ ಇದು: ಸುಮ್ನೆ ನಕಲು ಮಾಡುವವನು ಹೀಗೆ ಅನುಮಾನ ಪಡುತ್ತಾನಾ?

ಹ್ಯೂಆನ್ ಕಥೆಯಲ್ಲಿ ಕಾಡಿನ ದಾರಿಯಲ್ಲಿ ಸಿಗುವವನು ಯಕ್ಷರ ರಾಜ ಓಬೆರಾನ್. 3 ಅಡಿ ಎತ್ತರ, ಡೊಂಕು ಭುಜ, ದೇವದೂತನಂಥ ಮುಖ. ಜೂಲಿಯಸ್ ಸೀಸರ್‌ನ ಮಗ ಅಂತೆ! ಹುಟ್ಟಿದಾಗ ಹಬ್ಬಕ್ಕೆ ಕರೆಯದ ಒಬ್ಬಳು ಯಕ್ಷಿಣಿ ಶಾಪ ಕೊಟ್ಟಳು, 3 ವರ್ಷದ ಮೇಲೆ ಬೆಳೆಯಲೇ ಇಲ್ಲ. ಅವನು ಮಾತಾಡಿಸಿದರೆ ಉತ್ತರ ಕೊಡಬೇಡ ಅಂತ ಮುದುಕ ಜೆರಾಮ್ ಎಚ್ಚರಿಸುತ್ತಾನೆ. ಹ್ಯೂಆನ್ ಕೊನೆಗೂ ಮಾತಾಡುತ್ತಾನೆ. ಓಬೆರಾನ್ ಕೊಡುವ ಬಟ್ಟಲು ಒಳ್ಳೆಯವರ ಕೈಯಲ್ಲಿ ಮಾತ್ರ ದ್ರಾಕ್ಷಾರಸದಿಂದ ತುಂಬುತ್ತದೆ. ಶೇಕ್ಸ್‌ಪಿಯರ್‌ನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕದ ಓಬೆರಾನ್ ಇಂಗ್ಲಿಷಿಗೆ ಬಂದದ್ದು ಈ ಬಾಗಿಲಿನಿಂದ. ಲಂಡನ್ನಿನ ನಾಟಕದ ಯಜಮಾನ ಹೆನ್ಸ್‌ಲೋ ಬರೆದಿಟ್ಟ ಲೆಕ್ಕದಲ್ಲಿ 1593ರ ಡಿಸೆಂಬರ್‌ನಲ್ಲಿ ಹ್ಯೂಆನ್ ಹೆಸರಿನ ನಾಟಕವೂ ಇದೆ.

ತಕರಾರು:

ಬರ್ನರ್ಸ್ ಗದ್ಯಕ್ಕೆ ನಾನೂ ತಲೆಬಾಗುತ್ತೇನೆ, ಹ್ಯೂಆನ್ ಓದಿದ್ದೇನೆ. ಓಬೆರಾನ್ ಮೊದಲ ಸಲ ಕಾಣಿಸಿಕೊಳ್ಳುವ ಭಾಗ ಯಾವ ಕಾಲಕ್ಕೂ ನಿಲ್ಲುತ್ತದೆ. ಕ್ಯಾಕ್ಸ್ಟನ್ ಬಗ್ಗೆ ಮಾತ್ರ ಏಮನ್ ಓದಿದ ಮೇಲೆ ಮತ್ತೆ ಜಗಳಕ್ಕೆ ಬರುತ್ತೇನೆ.

ಕಡಲೂರು:

ಇಷ್ಟೊಂದು ಜನ ಓದಿದ್ದರೆ ಪ್ರತಿಗಳೂ ಬೇಕಾದಷ್ಟು ಉಳಿದಿರಬೇಕಲ್ವಾ?

ಅಚ್ಚಿನಮೊಳೆ:

ಉಲ್ಟಾ. ಜಾಸ್ತಿ ಓದಿದ್ದಕ್ಕೇ ಕಡಿಮೆ ಉಳಿದವು. ಕ್ಯಾಕ್ಸ್ಟನ್‌ನ ಶಾರ್ಲ್‌ಮೇನ್ ಪ್ರತಿ ಒಂದೇ ಒಂದು ಇದೆ. ಪ್ಯಾರಿಸ್ ಕೂಡ ಒಂದೇ. ಎರಡೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬ್ಲಾಂಶಾರ್ಡಿನ್ ಮತ್ತು ಏಮನ್ ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಲೈಬ್ರರಿಯಲ್ಲಿವೆ, ಎರಡರಲ್ಲೂ ಹಾಳೆಗಳು ಕಳೆದುಹೋಗಿವೆ. ಅಚ್ಚಿನ ಮ್ಯಾಲರಿಯದೇ ಉಳಿದದ್ದು 2 ಪ್ರತಿ, ಪೂರ್ತಿ ಇರುವುದು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯದು ಮಾತ್ರ. ವ್ಯಾಲೆಂಟೈನ್‌ನ ಮೊದಲ ಮುದ್ರಣದಲ್ಲಿ ಸಿಕ್ಕಿರುವುದು 4 ಹಾಳೆ.

ಹಳೆ ಪುಸ್ತಕದ ಹಾಳೆಗಳನ್ನು ಅಂಟಿಸಿ ಇನ್ನೊಂದು ಪುಸ್ತಕದ ರಟ್ಟು ಮಾಡುತ್ತಿದ್ದರು. 1858ರಲ್ಲಿ ವಿಲಿಯಂ ಬ್ಲೇಡ್ಸ್ ಎಂಬ ಮುದ್ರಕ ಸೇಂಟ್ ಆಲ್ಬನ್ಸ್ ಊರಿನ ಶಾಲೆಯ ಲೈಬ್ರರಿಯಲ್ಲಿ ಕ್ಯಾಕ್ಸ್ಟನ್ ಅಚ್ಚು ಹಾಕಿದ, ರೋಮಿನ ತತ್ವಜ್ಞಾನಿ ಬೋಯಿಥಿಯಸ್‌ನ ಪುಸ್ತಕದ ಪ್ರತಿ ನೋಡಿದರು. ಮಳೆ ನೀರು ಸೋರಿ ರಟ್ಟು ಕೊಳೆತಿತ್ತು. ಬಿಡಿಸಿ ನೋಡಿದರೆ ಒಳಗೆ ಅಚ್ಚಾದ 56 ಅರ್ಧ ಹಾಳೆಗಳು. ಕ್ಯಾಕ್ಸ್ಟನ್ ಅಚ್ಚು ಹಾಕಿದ್ದ, ಆದರೆ ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ 3 ಪುಸ್ತಕಗಳ ಸುಳಿವು ಅದರಿಂದ ಸಿಕ್ಕಿತು.

ಟ್ರಾಯ್ ಪುಸ್ತಕದ ಪ್ರತಿಗಳು ಇದಕ್ಕಿಂತ ವಾಸಿ. 1812ರ ರಾಕ್ಸ್‌ಬರ್ಗ್ ಹರಾಜಿನಲ್ಲಿ ಒಂದನ್ನು ಡೆವನ್‌ಶೈರ್ ಡ್ಯೂಕ್ 1,060 ಪೌಂಡ್ 10 ಶಿಲ್ಲಿಂಗ್ ಕೊಟ್ಟು ಕೊಂಡ. ಅದು ರಾಣಿ ಎಲಿಜಬೆತ್ ವುಡ್‌ವಿಲ್ ಇಟ್ಟುಕೊಂಡಿದ್ದ ಪ್ರತಿ. ಈಗ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಲೈಬ್ರರಿಯಲ್ಲಿದೆ. ಕ್ಯಾಕ್ಸ್ಟನ್ ಮೊಣಕಾಲೂರಿ ಡಚೆಸ್ ಮಾರ್ಗರೆಟ್‌ಗೆ ಪುಸ್ತಕ ಒಪ್ಪಿಸುವ ತಾಮ್ರದ ಅಚ್ಚಿನ ಚಿತ್ರ ಆ ಪ್ರತಿಯಲ್ಲಿದೆ. ಚಿತ್ರದ ಕೆಳಗಡೆ ಒಂದು ಕೋತಿಯೂ ಇದೆ.

ತುಂಗಾತೀರ:

ಓದಲು ಶುರು ಮಾಡುವವರಿಗೆ ಯಾವುದು ಸುಲಭ? ಹಳೆ ಇಂಗ್ಲಿಷಿನ ಕಾಗುಣಿತ ನೋಡಿದರೆ ಭಯ ಆಗುತ್ತದೆ.

ಹಳೆಅಚ್ಚು:

ಅರ್ಲಿ ಇಂಗ್ಲಿಷ್ ಟೆಕ್ಸ್ಟ್ ಸೊಸೈಟಿಯವರು 19ನೇ ಶತಮಾನದ ಕೊನೆಯಿಂದ ಇವನ್ನು ಒಂದೊಂದಾಗಿ ಮರುಮುದ್ರಣ ಮಾಡಿದ್ದಾರೆ. ಶಾರ್ಲ್‌ಮೇನ್, ಏಮನ್, ಹ್ಯೂಆನ್, ಬ್ಲಾಂಶಾರ್ಡಿನ್ ಎಲ್ಲ ಅದರಲ್ಲಿ ಸಿಗುತ್ತವೆ. ಹಳೆಯವು ಹಕ್ಕು ಮುಗಿದ ಪುಸ್ತಕಗಳು, ಆನ್‌ಲೈನ್‌ನಲ್ಲಿ ಉಚಿತವಾಗಿ ಓದಬಹುದು. ಪ್ಯಾರಿಸ್‌ನ ಆ ಸರಣಿಯ ಮುದ್ರಣ 1957ರದು, ಅದನ್ನು ಲೈಬ್ರರಿಯಲ್ಲಿ ಹುಡುಕಬೇಕು. ವಿಲಿಯಂ ಮಾರಿಸ್ ತನ್ನ ಕೆಲ್ಮ್‌ಸ್ಕಾಟ್ ಪ್ರೆಸ್ಸಿನಲ್ಲಿ 1892ರಲ್ಲಿ ಟ್ರಾಯ್ ಕಥೆಯನ್ನು, ಮರುವರ್ಷ ಗಾಡ್‌ಫ್ರೇಯನ್ನು ಅಚ್ಚು ಹಾಕಿದ. ನೋಡಲು ಚೆಂದ, ಓದಲು ಕಷ್ಟ.

ನನ್ನ ಸಲಹೆ: ಪ್ಯಾರಿಸ್ ಸಿಕ್ಕರೆ ಅದರಿಂದ ಶುರು ಮಾಡಿ, ಚಿಕ್ಕದು. ಆಮೇಲೆ ಹ್ಯೂಆನ್‌ನಲ್ಲಿ ಓಬೆರಾನ್ ಬರುವ ಭಾಗ. ಅದಾದ ಮೇಲೆ ಏಮನ್. ಟ್ರಾಯ್ ಕಥೆಯನ್ನು ಕೊನೆಗೆ ಇಟ್ಟುಕೊಳ್ಳಿ. ಕಾಗುಣಿತಕ್ಕೆ ಹೆದರಬೇಡಿ. ಕಣ್ಣಿಗೆ ಅಡ್ಡ ಬಂದದ್ದು ಬಾಯಿಬಿಟ್ಟು ಓದಿದರೆ ಕಿವಿಗೆ ಸಲೀಸಾಗುತ್ತದೆ. ಮುಂದಿನ ತಿಂಗಳು ಏಮನ್‌ನ ಮುತ್ತಿಗೆಯ ಭಾಗವನ್ನು ಒಟ್ಟಿಗೆ ಓದೋಣ ಅನ್ನುವವರು ಕೆಳಗೆ ಬರೆಯಿರಿ.

ನೀಲಿಪೆನ್ನು:

ನಾನು ಇದ್ದೇನೆ.

ತಕರಾರು:

ನಾನೂ. ಫ್ರೆಂಚ್ ಮೂಲ ಪಕ್ಕದಲ್ಲಿ ಇಟ್ಟುಕೊಂಡು ಬರುತ್ತೇನೆ.